ಮದುವಿ ಇಲ್ಲದ ಮನಿಗೆ ಖಾಯಂ ಲೈಟು

ಮನಿ ಮ್ಯಾಲೆ ಲೈಟು ಹಚ್ಚಿದ್ರ ಒಳಗ ಮದುವಿ ಇರ್ಲೇಬೇಕು ಅನ್ನೋದು ನಮ್ಮ ಕಡೆ ಮಂದಿ ತಲ್ಯಾಗ ಗಟ್ಟಿ ಕುಂತುಬಿಟ್ಟೈತಿ. ನಾ ಹಚ್ಚೋವು ಖಾಯಂ ಲೈಟು. ಮಾಳಿಗಿ ಅಂಚಿಗೆ ಎಲ್‌ಇಡಿ ಪಟ್ಟಿ ಕೂಡಿಸಿ ಸ್ಕ್ರೂ ಬಿಗಿದ್ರ ಮುಗೀತು, ಬಿಚ್ಚೋ ಮಾತೇ ಇಲ್ಲ. ಬಣ್ಣ ಬದಲಿ ಮಾಡೋದು ಮೊಬೈಲಿನಾಗ. ಹಿಂಗಾಗಿ ನಾ ಹೋದ ಊರಾಗೆಲ್ಲಾ ಒಂದಿಲ್ಲೊಂದು ಫಜೀತಿ.

ಸಿಂಧನೂರಿನ ಮುಯ್ಯಿ

ಒಬ್ಬ ಅಕ್ಕಿ ವ್ಯಾಪಾರಿ ಮನಿಗೆ ಹಚ್ಚಿ ಬಂದೆ. ಮೂರನೇ ದಿನಕ್ಕ ಫೋನು.

"ಭಾಯ್, ಬಿಚ್ಚಾಕ ಯಾವಾಗ ಬರ್ತಿ?"

"ಬಿಚ್ಚೋದ್ಯಾಕ್ರೀ ಸಾವ್ಕಾರ್ರ? ಖಾಯಂ ಬೇಕು ಅಂದಾವ್ರು ನೀವೇ ಅಲ್ರೀ?"

"ಅಂದಿದ್ದೆಪಾ. ಆದ್ರ ಮಂದಿ ಮದುವಿ ಅಂತ ತಿಳಕೊಂಡು ಮುಯ್ಯಿ ಹಿಡಕೊಂಡು ಬರಾಕತ್ತಾರ."

"ಮದುವಿ ಇಲ್ಲ ಅಂತ ಹೇಳಿ ಕಳಸ್ರಿ."

"ನಾ ಕಳಸ್ತೀನಿ. ನಮ್ಮಾಕಿ ಆಗ್ಲೇ ಎಂಟು ಸೀರಿ ಇಸ್ಕೊಂಡಾಳ. ಈಗ ಯಾರದರ ಮದುವಿ ಮಾಡ್ಲೇಬೇಕು!"

ಲಿಂಗಸುಗೂರಿನ ಕೆಂಪು

ಇಲ್ಲಿ ಗಿರಾಕಿ ರಿಟೈರ್ ಆದ ಮಾಸ್ತರ್ರು. ಮನಿ ರಸ್ತೆ ತಿರುವಿನಾಗ. ಕೆಂಪು ಬಣ್ಣ ಅಂದ್ರ ಅವರಿಗೆ ಪ್ರಾಣ. ಹಚ್ಚಿ ತೋರ್ಸಿದೆ, ಭಾಳ ಖುಷಿ ಆದ್ರು. ನಾ ಏಣಿ ಇಳಿಯೋದ್ರಾಗ ಹೊರಗ ಒಂದು ಟ್ರ್ಯಾಕ್ಟರ್ ನಿಂತಿತ್ತು, ಅದರ ಹಿಂದ ಎರಡು ಆಟೋ, ಒಂದು ಹಾಲಿನ ಗಾಡಿ. ಐದು ನಿಮಿಷ ಆದ್ರೂ ಒಬ್ರೂ ಅಳ್ಳಾಡಲಿಲ್ಲ. ಕಡೀಗೆ ಟ್ರ್ಯಾಕ್ಟರ್ ಡ್ರೈವರ್ ಇಳಿದು ಬಂದು ಕೈ ಮುಗದ: "ಸರ್, ಲಗೂ ಹಸರು ಬಿಡ್ರಿ, ಭತ್ತ ಇಳಸೋದೈತಿ!"

ಮಾಸ್ತರ್ರು ಹಸರು ಬಿಟ್ರು. ಅವತ್ತಿನಿಂದ ಸಂಜಿ ಆದ್ರ ಸೀಟಿ ಹಿಡಕೊಂಡೇ ಹೊರಗ ಕೂಡ್ತಾರ.

ಮಸ್ಕಿಯ ಬೀಗರು

ಮಸ್ಕಿಯೊಳಗ ಒಬ್ಬಾಕಿ ಅವ್ವ. ಮಗಗ ಮೂವತ್ತೈದು ದಾಟಿತ್ತು. ಹೆಣ್ಣಿನ ಕಡ್ಯಾವ್ರು ಮನಿ ನೋಡಾಕ ಬರೋರು, ಚಾ ಕುಡಿಯೋರು, ಹೋಗೋರು.

"ಈಗ ತುರ್ವಿಹಾಳದವ್ರು ಬರಾಕತ್ತಾರ ತಮ್ಮಾ. ಅವ್ರು ಹುಡುಗನ್ನೂ ನೋಡಿಲ್ಲ, ಮನೀನೂ ನೋಡಿಲ್ಲ. ಇದೂ ತಪ್ಪಿದ್ರ ನನ್ನ ಕೈಲೆ ಇನ್ನ ಆಗಂಗಿಲ್ಲ. ಮನಿ ಝಗಝಗ ಅನ್ಬೇಕು ನೋಡು," ಅಂದ್ಲು. ಮನಿ ತುಂಬಾ ಬಂಗಾರದ ಬಣ್ಣ ಬಿಟ್ಟೆ.

ಅವ್ವ ಅವರಿಗೆ ಫೋನಿನಾಗ ಗುರುತು ಹೇಳಿದ್ಲು: "ಬಸ್ ಸ್ಟ್ಯಾಂಡ್ ದಾಟಿ ಬರ್ರಿ. ಲೈಟ್ ಹಚ್ಚಿದ ಮನಿ, ಯಾರನ್ನೂ ಕೇಳೋದ ಬ್ಯಾಡ."

ಏಳಕ್ಕ ಬರ್ಬೇಕಾದವ್ರು ಎಂಟಾದ್ರೂ ಬರಲಿಲ್ಲ. ಫೋನೂ ಎತ್ತವಲ್ರು. ಅವ್ವ "ಹೋತು, ಇದೂ ಹೋತು" ಅಂತ ಕಟ್ಟಿ ಮ್ಯಾಲೆ ಕುಂತುಬಿಟ್ಲು. ಅಷ್ಟೊತ್ತಿಗೆ ಫೋನು ಬಂತು. ಹುಡುಗಿ ಕಾಕಾ ಸಿಟ್ಟಿಲೆ ಒದರಾಕತ್ತಿದ್ದ:

"ಮನಿ ಚಂದೈತಿ, ಊಟಾನೂ ಭೇಷ್ ಇತ್ತು. ಆದ್ರ ಇದೇನ್ರಿ ಅವಸರ? ನಾವಿನ್ನಾ ಹೂಂ ಅಂದಿಲ್ಲ, ನಿಮ್ಮ ಹುಡುಗಗ ಆಗ್ಲೇ ಮಾರಿ ತುಂಬಾ ಅರಿಶಿಣ ಹಚ್ಚಾಕತ್ತೀರಲ್ರೀ!"

ಹಿಂದಿನ ಓಣ್ಯಾಗ ಬ್ಯಾರೆಯವರ ಮದುವಿ ಇತ್ತು. ಅಲ್ಲೂ ಲೈಟು. ನಮ್ಮ ಹುಡುಗನೇ ಓಡಿಹೋಗಿ ಅವರನ್ನ ಕರಕೊಂಡು ಬಂದ. ಕಾಕಾ ಹುಡುಗನ ಮಾರಿ ನೋಡಿದ, ಮನಿ ನೋಡಿದ, ಬಿದ್ದು ಬಿದ್ದು ನಕ್ಕ. ಅವ್ವ ಅಂಜಿಕೋತ ಕೇಳಿದ್ಲು:

"ಮತ್ತ... ಒಪ್ಪಿಗಿ ಐತೇನ್ರಿ?"

"ಮನೀನೂ ಒಪ್ಪಿಗಿ, ಹುಡುಗನೂ ಒಪ್ಪಿಗಿ ರೀ ಅಕ್ಕಾರ. ಅಡಿಗಿಗೆ ಮಾತ್ರ ಆ ಮನ್ಯಾಗಿನವ್ರನ್ನೇ ಕರಸ್ರಿ!"