ಗೇಣುದ್ದದ ರಿವಾಲ್ವರು, ಮಾರುದ್ದದ ಒದೆ

ದುಬೈಯ ಒಂದು ಶೂಟಿಂಗ್ ಕ್ಲಬ್ಬಿನ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವಳು ನಾನು. ಬಂದೂಕು ಇರುವ ಜಾಗದಲ್ಲಿ ನಗಲಿಕ್ಕೆ ಎಂತ ಉಂಟು ಅಂತ ಊರಿನವರು ಕೇಳುತ್ತಾರೆ. ಎಂತ ಹೇಳುವುದು ಮಾರಾಯ್ರೆ, ಬೆಳಿಗ್ಗೆ ಬಾಗಿಲು ತೆರೆದರೆ ಸಾಕು, ಒಂದಲ್ಲ ಒಂದು ತಾನಾಗಿಯೇ ನಡೆದುಕೊಂಡು ಒಳಗೆ ಬರುತ್ತದೆ.

ಅದರಲ್ಲೂ ನಮ್ಮ 'ಗಿಡ್ಡ'ನ ದೆಸೆಯಿಂದ ನಡೆದದ್ದೇ ಹೆಚ್ಚು. ಗಿಡ್ಡ ಅಂದರೆ ಒಂದು ರಿವಾಲ್ವರು. ನಳಿಗೆ ನನ್ನ ನಡುಬೆರಳಿಗಿಂತ ಚಿಕ್ಕದು, ಗುಂಡು ಮಾತ್ರ ಕಿರುಬೆರಳಿನಷ್ಟು ದಪ್ಪ. ಅಂಥವು ಐದು ಹಿಡಿಯುತ್ತವೆ. ಹೊರದೇಶಗಳಲ್ಲಿ ಕಾಡುಮೇಡು ಅಲೆಯುವವರು ಕರಡಿಗಿರಡಿ ಎದುರಾದರೆ ಇರಲಿ ಅಂತ ಸೊಂಟಕ್ಕೆ ಕಟ್ಟಿಕೊಳ್ಳುವ ಜಾತಿ ಅದು. ಇಲ್ಲಿ ಹಾಗೆಲ್ಲ ಕಟ್ಟಿಕೊಂಡು ಹೊರಗೆ ಕಾಲಿಡುವ ಹಾಗಿಲ್ಲ. ಕ್ಲಬ್ಬಿನ ಒಳಗೇ ಹೊಡೆದು, ಒಳಗೇ ಒಪ್ಪಿಸಿ ಹೋಗಬೇಕು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುತ್ತಾರಲ್ಲ, ಆ ಮಾತು ಇವನಿಗೇ ಸರಿ.

ಕಳೆದ ವರ್ಷ ನಮ್ಮ ಮುದೀರ್, ಅಂದರೆ ಮೇನೇಜರು, ನನ್ನನ್ನು ಕರೆದರು. ಜೋರ್ಡಾನಿನವರು, ಸೈನ್ಯದಲ್ಲಿದ್ದು ಬಂದವರು. ಮಾತು ಕಮ್ಮಿ.

"ಕೌಂಟರಿಗೆ ಟ್ಯಾಬ್ಲೆಟ್ ಬರ್ತದೆ. ಬಂದವರು ತಾವೇ ಹೆಸರು ಹಾಕಿ, ಐಡಿ ತೋರಿಸಿ ಒಳಗೆ ಹೋಗ್ತಾರೆ. ತಿಂಗಳ ಕೊನೆಗೆ ಕೌಂಟರ್ ಖಲಾಸ್."

"ಹಾಗಾದ್ರೆ ನಾನು?"

"ರೇಂಜ್ ಆಫೀಸರ್ ಪರೀಕ್ಷೆ ಕೊಡು. ಹೊಡೆಯುವವರ ಪಕ್ಕ ನಿಂತು ನೋಡಿಕೊಳ್ಳುವ ಕೆಲಸ. ಗಿಡ್ಡನಲ್ಲಿ ಐದು ಸಲ ಹೊಡೆಯಬೇಕು, ಕೈ ಅಲುಗಬಾರದು. ಪಾಸಾದರೆ ವೀಸಾ ರಿನ್ಯೂ. ಇಲ್ಲದಿದ್ದರೆ..." ಎಂದು ಅಂಗೈಯನ್ನು ವಿಮಾನದ ಹಾಗೆ ಮೇಲಕ್ಕೆ ಹಾರಿಸಿದರು.

ನಮ್ಮವರಿಗೆ ಹೋಟೆಲಿನಲ್ಲಿ ಕೆಲಸ. ಅವರ ಸಂಬಳ ಅಲ್ ಕುಸೈಸಿನ ಫ್ಲ್ಯಾಟಿನ ಬಾಡಿಗೆಗೆ ಸರಿಹೋಗುತ್ತದೆ. ಮಗಳ ಶಾಲೆ ನಡೆಯುವುದು ನನ್ನ ಸಂಬಳದಲ್ಲಿ. ನನ್ನ ಕೆಲಸ ಹೋದರೆ ನಾನೂ ಮಗಳೂ ಊರಿಗೆ, ಇವರೊಬ್ಬರೇ ಇಲ್ಲಿ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಕಲಿಯಬಹುದಿತ್ತು. ಯಾರಿಗೂ ಹೇಳದ ಒಂದು ಗುಟ್ಟು ಬೇರೆ ಇತ್ತು. ಹನ್ನೊಂದು ವರ್ಷ ಗಿಡ್ಡನನ್ನು ಊರವರ ಕೈಗೆಲ್ಲ ದಾಟಿಸಿದವಳು ನಾನು, ಆದರೆ ನಾನೇ ಹೊಡೆಯುವಾಗ ಕಣ್ಣು ಗಟ್ಟಿ ಮುಚ್ಚುತ್ತಿದ್ದೆ. ಗುಂಡು ಹೊರಡುವ ಮೊದಲೇ ನಾನು ಹೊರಟಿರುತ್ತಿದ್ದೆ.

೧. ಕರಡಿಯ ಪಾಲು

ಅದೇ ವಾರ ಅಬುಧಾಬಿಯಿಂದ ಒಬ್ಬರು ಬಂದರು. ಬೆಂಗಳೂರಿನವರು, ಐಟಿ. ಅಲಾಸ್ಕಾದಲ್ಲಿರುವ ಭಾವನ ಜೊತೆ ಮೀನು ಹಿಡಿಯಲಿಕ್ಕೆ ಹೋಗುವವರಿದ್ದರು. ಹೊಳೆ ಬದಿಯಲ್ಲಿ ಕರಡಿಗಳ ಕಾಟವಂತೆ, ಭಾವ ಫೋನಿನಲ್ಲೇ ಹೆದರಿಸಿದ್ದರು. ಅಲ್ಲಿ ಎಂತಹ ರಿವಾಲ್ವರ್ ತೆಗೆದುಕೊಳ್ಳಬೇಕು ಅಂತ ಇಲ್ಲಿ ಹೊಡೆದು ನೋಡಿ ತೀರ್ಮಾನ ಮಾಡುವ ಯೋಚನೆ.

"ಮೇಡಂ, ಇರೋದ್ರಲ್ಲಿ ಹಗುರವಾದ್ದು ಕೊಡಿ. ಗುಂಡು ಮಾತ್ರ ದೊಡ್ಡದಿರಬೇಕು."

"ಸಾರ್, ಹಗುರ ಇದ್ದಷ್ಟೂ ಒದೆ ಜಾಸ್ತಿ. ನಳಿಗೆ ಉದ್ದ ಇರುವ ತೂಕದ್ದು ಮೊದಲು ನೋಡಿ. ಇಲ್ಲವಾದರೆ ಇದರಲ್ಲೇ ಸ್ವಲ್ಪ ಮೆತ್ತನೆ ಗುಂಡು ಹಾಕಿ ಕೊಡ್ತೇನೆ."

"ಅಲ್ಲಾ ರೀ, ದಿನವಿಡೀ ಬೆಟ್ಟ ಹತ್ತೋದು ನಾನು, ಸೊಂಟದಲ್ಲಿ ಹೊರೋದು ನಾನು. ಕರಡಿ ಮುಂದೆ ಮೆತ್ತನೆ ಗುಂಡಾ? ತಮಾಷೆ ಮಾಡ್ತೀರಾ?"

ಗಿರಾಕಿಯ ಜೊತೆ ವಾದ ಮಾಡಬಾರದು ಅಂತ ನಮ್ಮಲ್ಲಿ ನಿಯಮ. ಐದು ಜಬರ್ದಸ್ತು ಗುಂಡು ತುಂಬಿಸಿ, ಕಿವಿಗೆ ಮಫ್ ಹಾಕಿಸಿ, ರೇಂಜಿನ ಹುಡುಗರಿಗೆ ಕಣ್ಸನ್ನೆ ಮಾಡಿ ಕೊಟ್ಟೆ. ಅವರು ಕಾಲು ಅಗಲಿಸಿ ನಿಂತು ಒಂದು ಹೊಡೆದರು. ನಳಿಗೆಯ ಬಾಯಲ್ಲಿ ಬುಟ್ಟಿಯಷ್ಟು ಬೆಂಕಿ. ಅವರ ಕನ್ನಡಕ ಹಣೆಗೆ ಹೋಗಿತ್ತು. ಕಾಗದದ ಗುರಿಯಲ್ಲಿ ತೂತಿರಲಿಲ್ಲ, ಆದರೆ ಮೇಲೆ ಗುರಿ ನೇತುಹಾಕಿದ ಕ್ಲಿಪ್ಪು ಕಾಣೆ.

ಅವರು ಗಿಡ್ಡನನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟರು. ಬೆರಳು ಬಿಡಿಸಿ ಒಂದೊಂದನ್ನೇ ಮಡಚಿ ನೋಡಿಕೊಂಡರು.

"ಸಾರ್, ಇನ್ನೂ ನಾಲ್ಕು ಗುಂಡು ಉಂಟು."

"ಅದು ಕರಡಿಗೆ ಇರ್ಲಿ ಮೇಡಂ. ಅದೇ ಹೊಡ್ಕೊಳ್ಲಿ."

೨. ಕಂಪೆನಿಯ ದೂರದೃಷ್ಟಿ

ಎರಡನೇ ವಾರ ಜೆಬೆಲ್ ಅಲಿಯ ಒಂದು ಸರಕು ಸಾಗಣೆ ಕಂಪೆನಿಯವರು ಬಸ್ಸು ಮಾಡಿಕೊಂಡು ಬಂದರು. ತಂಡದಲ್ಲಿ ಒಗ್ಗಟ್ಟು ಬರಲಿ ಅಂತ ವಿಹಾರ. ಅವರ ಎಚ್ಚಾರ್ ಮೇನೇಜರು ಬಂದೂಕುಗಳನ್ನೆಲ್ಲ ಬಟ್ಟೆ ಅಂಗಡಿಯಲ್ಲಿ ಸೀರೆ ನೋಡಿದ ಹಾಗೆ ನೋಡಿ, ಗಿಡ್ಡನ ಮೇಲೆ ಕೈ ಇಟ್ಟರು.

"ಇದೇ ಸಾಕು. ನಮ್ಮ ಸ್ಟಾಫಿಗೆ ಅಭ್ಯಾಸ ಇಲ್ಲ. ಚಿಕ್ಕದಲ್ವಾ, ಶಬ್ದವೂ ಚಿಕ್ಕದಿರ್ತದೆ."

ನಾನು ಬಾಯಿ ತೆರೆದೆ, ನಿಯಮ ನೆನಪಾಯಿತು, ಮುಚ್ಚಿದೆ. ಆದರೂ ಮನಸ್ಸು ಕೇಳದೆ, ಮೆತ್ತನೆ ಗುಂಡು, ಒಬ್ಬರಿಗೆ ಒಂದೇ ಅಂತ ಮಾಡಿದೆ. ಪ್ರತಿಯೊಬ್ಬರೂ ಹೊಡೆಯುವಾಗ ಫೋಟೋ ಬೇಕೇ ಬೇಕು ಅಂದರು. ಆ ದಿನ ರೇಂಜಿನಲ್ಲಿ ಕೆಲಸದ ಹುಡುಗರು ಕಮ್ಮಿ; ಪರೀಕ್ಷೆಗೆ ಅಭ್ಯಾಸವೂ ಆಯಿತು ಅಂತ ಮುದೀರ್ ನನ್ನನ್ನೇ ಸಹಾಯಕ್ಕೆ ನಿಲ್ಲಿಸಿದ್ದರು.

ಮರುದಿನ ಫೋಟೋ ಬಂದವು. ಇಪ್ಪತ್ತಮೂರು ಜನ, ಇಪ್ಪತ್ತಮೂರು ಫೋಟೋ, ಎಲ್ಲರ ಕಣ್ಣೂ ಮುಚ್ಚಿದೆ. ಎಚ್ಚಾರ್ ಮೇನೇಜರು ಬಿಡುವವರಲ್ಲ. ಎಲ್ಲವನ್ನೂ ಸೇರಿಸಿ ಒಂದು ಪೋಸ್ಟರು ಮಾಡಿ, ಮೇಲೆ ದೊಡ್ಡ ಅಕ್ಷರದಲ್ಲಿ 'ನಮ್ಮ ಕಂಪೆನಿಯ ದೂರದೃಷ್ಟಿ' ಅಂತ ಹಾಕಿಸಿ ನಮಗೂ ಒಂದು ಪ್ರತಿ ಕಳಿಸಿದ್ದರು.

ನಾನು ನಕ್ಕು ನಕ್ಕು ಸುಸ್ತಾದೆ. ಮುದೀರ್ ಮಾತ್ರ ನಗಲಿಲ್ಲ. ಪೋಸ್ಟರಿನ ಮೇಲೆ ಬೆರಳಿಟ್ಟು ತೋರಿಸಿದರು. ಇಪ್ಪತ್ತಮೂರರಲ್ಲೂ ಹೊಡೆಯುವವರ ಪಕ್ಕದಲ್ಲಿ ನಾನಿದ್ದೆ. ಇಪ್ಪತ್ತಮೂರರಲ್ಲೂ ನನ್ನ ಕಣ್ಣು ಮುಚ್ಚಿತ್ತು.

ಕೂಡಲೇ ರೇಂಜಿಗೆ ಕರೆದುಕೊಂಡು ಹೋದರು. ನಾನು ಆ ಕಡೆ ತಿರುಗಿದ್ದಾಗ ಗಿಡ್ಡನಲ್ಲಿ ಒಳ್ಳೆಯ ಗುಂಡಿನ ನಡುವೆ ಒಂದು ಪೊಳ್ಳು ಗುಂಡು ಸೇರಿಸಿ ಕೊಟ್ಟರು. ಇದು ಹಳೇ ಉಪಾಯ. ಪೊಳ್ಳು ಬಂದಾಗ 'ಟಿಕ್' ಅನ್ನುತ್ತದೆಯೇ ಹೊರತು ಗುಂಡು ಹಾರುವುದಿಲ್ಲ. ಧೈರ್ಯ ಇದ್ದವರ ಕೈ ಆಗ ಸುಮ್ಮನಿರುತ್ತದೆ. ನನ್ನ ಕೈ 'ಟಿಕ್' ಅಂದದ್ದಕ್ಕೇ ಗಿಡ್ಡನ ಮೂತಿಯನ್ನು ನೆಲಕ್ಕೆ ಕುಕ್ಕಿತು.

"ಹಿಡಿ ಸ್ವಲ್ಪ ದಪ್ಪ ಆಯ್ತು ನನಗೆ," ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮುದೀರ್ ಅಂಗೈಯನ್ನು ಪುನಃ ವಿಮಾನ ಮಾಡಿ ತೋರಿಸಿ ಹೋದರು.

೩. ಗಾಜು ಒರೆಸುವ ಬಾಟಲಿ

ಗಿಡ್ಡನನ್ನು ಮನೆಗೆ ತರುವ ಹಾಗಿಲ್ಲ. ಹಾಗಾಗಿ ಗಾಜು ಒರೆಸುವ ಸ್ಪ್ರೇ ಬಾಟಲಿ ಹಿಡಿದೆ. ಬೆರಳಲ್ಲಿ ಒತ್ತುವ ಅದರ ಕುದುರೆಯೂ ಹೆಚ್ಚುಕಮ್ಮಿ ಗಿಡ್ಡನದ್ದರಷ್ಟೇ ಬಿಗಿ. ಬಾಟಲಿಯ ತಲೆಯ ಮೇಲೆ ಒಂದು ದಿರ್ಹಮ್ ನಾಣ್ಯ ಇಟ್ಟು, ನಾಣ್ಯ ಬೀಳದ ಹಾಗೆ ನಿಧಾನಕ್ಕೆ ಒತ್ತುವುದು. ಕಿಟಕಿಗೆ ಐವತ್ತು, ಕನ್ನಡಿಗೆ ಐವತ್ತು, ಟಿವಿಗೆ ಇಪ್ಪತ್ತೈದು.

ಮಗಳು ಬಾಗಿಲಲ್ಲೇ ನಿಂತು, "ಮಮ್ಮಾ, ದಿಸ್ ಈಸ್ ನಾಟ್ ನಾರ್ಮಲ್," ಅಂದಳು.

ಆಗ ಮನೆಯಲ್ಲಿ ಅತ್ತೆ ಇದ್ದರು. ವಿಸಿಟ್ ವೀಸಾದಲ್ಲಿ ಬಂದಿದ್ದರು. ನಾವು ಕೊಂಕಣಿಯಲ್ಲಿ ಮಾಂಯ್ ಅಂತ ಕರೆಯುವುದು. ಎಪ್ಪತ್ತು ದಾಟಿದೆ, ಗಂಟಲು ಮಾತ್ರ ಇಪ್ಪತ್ತರದ್ದು. ಬಂಟ್ವಾಳದ ಕಡೆ ಅವರ ಮನೆಯಲ್ಲಿ ಹಂದಿ, ಮಂಗ ಓಡಿಸಲಿಕ್ಕೆ ಲೈಸೆನ್ಸಿನ ಕೋವಿ ಉಂಟು. ಫೋನಿನಲ್ಲಿ ಗಿಡ್ಡನ ಫೋಟೋ ತೋರಿಸಿ ನನ್ನ ಕಷ್ಟ ಹೇಳಿಕೊಂಡೆ.

"ಇದೆಂತ ಕೋವಿಯಾ? ನಳಿಗೆಯೇ ಇಲ್ಲ. ಗುಂಡು ತಪ್ಪಿದರೆ ಹಂದಿಯ ತಲೆಗೆ ಕುಟ್ಟಲಿಕ್ಕಾದರೂ ಉದ್ದ ಬೇಡ್ವಾ?"

"ಅದು ಬಿಡಿ ಮಾಂಯ್. ಶಬ್ದ ಬರುವ ಮೊದಲೇ ನನ್ನ ಕಣ್ಣು ಮುಚ್ಚುತ್ತದೆ. ಅದಕ್ಕೆಂತ ಮದ್ದು?"

ಮಾಂಯ್ ಸ್ವಲ್ಪ ಯೋಚಿಸಿದರು. "ಇಲೆಕ್ಷನ್ ಬಂದಾಗ ನಮ್ಮ ಕೋವಿ ಪೊಲೀಸ್ ಠಾಣೆಯಲ್ಲಿ ಠೇವಣಿ. ಮಂಗಗಳಿಗೆ ಅದು ಹೇಗೋ ಗೊತ್ತಾಗ್ತದೆ, ಅದೇ ದಿನ ತೆಂಗಿಗೆ ಹತ್ತುತ್ತವೆ. ಆಗ ನಾನು ಡಬ್ಬ ಬಡಿಯುವುದು. ಸುರುವಿಗೆ ಹಾರಿ ಬೀಳ್ತಾವೆ. ಒಂದು ವಾರ ಕಳೆದರೆ ಕಣ್ಣೂ ಮಿಟುಕಿಸುವುದಿಲ್ಲ, ಕೂತು ಎಳನೀರು ಕುಡೀತಾವೆ."

"ಅಂದರೆ ನನ್ನನ್ನು ಮಂಗ ಮಾಡ್ತೀರಾ?"

"ಕೆಲಸ ಉಳಿಯಬೇಕಾ ಬೇಡ್ವಾ?"

ಮರುದಿನದಿಂದ ಸುರುವಾಯಿತು. ಬಟರ್ ಕುಕೀಸಿನ ಖಾಲಿ ನೀಲಿ ಡಬ್ಬ, ಒಂದು ಸ್ಟೀಲಿನ ಚಮಚ. ನಾನು ಕಿಟಕಿಗೆ ಗುರಿಯಿಟ್ಟು ಸ್ಪ್ರೇ ಒತ್ತುವುದು, ಮಾಂಯ್ ನನ್ನ ಬೆನ್ನ ಹಿಂದೆ ಯಾವಾಗಲೋ ಒಮ್ಮೆ 'ಢಣ್' ಅನ್ನಿಸುವುದು. ನಾಣ್ಯ ಬಿದ್ದರೆ "ಕಣ್ಣು ತೆಗಿ! ಇನ್ನೊಮ್ಮೆ ಒರೆಸು!" ಅಂತ ಬೊಬ್ಬೆ. ಮೊದಲ ದಿನ ನಾಣ್ಯ ಸೋಫಾದಡಿಗೆ ಹೋಗಿ ಹೋಗಿ ನಮ್ಮವರಿಗೆ ಬೆನ್ನು ನೋವು ಬಂತು. ಹತ್ತನೇ ದಿನಕ್ಕೆ ಇಪ್ಪತ್ತಕ್ಕೆ ಎರಡು ಸಲ ಮಾತ್ರ ಬೀಳುತ್ತಿತ್ತು.

ಎದುರು ಫ್ಲ್ಯಾಟಿನ ಮಲಯಾಳಿ ಹೆಂಗಸು ಒಂದು ಸಂಜೆ ಮೆಲ್ಲ ಬಾಗಿಲು ತಟ್ಟಿದರು. ಕೈಯಲ್ಲಿ ಮುಚ್ಚಿದ ಪಾತ್ರೆ, ಕಣ್ಣಲ್ಲಿ ನೀರು.

"ಚೇಚಿ, ನಾನು ದಿನಾ ಕೇಳ್ತಾ ಇದ್ದೇನೆ. ಪಾತ್ರೆ ಬಡಿದು ಬಡಿದು ನಿಮ್ಮ ಹತ್ರ ಕೆಲಸ ಮಾಡಿಸ್ತಾರೆ. ಎಷ್ಟು ಸಲ ಒರೆಸುವುದು ಒಂದೇ ಗಾಜನ್ನು? ನಮ್ಮ ಅತ್ತೆಯೂ ಹೀಗೇ ಇದ್ದರು. ತಗೊಳ್ಳಿ, ಮೀನು ಸಾರು. ನೀವೊಬ್ಬರೇ ತಿನ್ನಿ, ಅವರಿಗೆ ಕೊಡಬೇಡಿ."

ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ 'ಢಣ್' ಅಂತು. ಅವರು ಪಾತ್ರೆಯನ್ನು ನನ್ನ ಕೈಗಿತ್ತು, ನನ್ನ ತಲೆ ಸವರಿ ಓಡಿಹೋದರು. ಸಾರನ್ನು ಮಾಂಯ್ ಎರಡು ಸಲ ಹಾಕಿಸಿಕೊಂಡು ಉಂಡರು. "ಒಳ್ಳೇ ಹೆಂಗಸು. ನಾಳೆ ಇನ್ನೂ ಸ್ವಲ್ಪ ಜೋರು ಬಡೀತೇನೆ," ಅಂದರು.

೪. ನಾಲ್ಕನೇ ಗುಂಡು

ಪರೀಕ್ಷೆಯ ದಿನ ಮಾಂಯ್ ಕ್ಲಬ್ಬಿನ ಬಸ್ಸಿನಲ್ಲಿ ನನಗಿಂತ ಮೊದಲೇ ಹತ್ತಿ ಕೂತಿದ್ದರು. ಬೇಡ ಅಂದರೆ ಕೇಳುವ ಜಾತಿಯಲ್ಲ. ಚೀಲದಲ್ಲಿ ನೀಲಿ ಡಬ್ಬ ಕಂಡಿತು. ಪಾಸಾದರೆ ಹಂಚಲಿಕ್ಕೆ ಚಕ್ಕುಲಿ ತಂದಿರಬೇಕು ಅಂತ ಎಣಿಸಿ, ಪಾಪ ಅನ್ನಿಸಿತು.

ಒಳಗೆ ಬಂದವರೇ ಗೋಡೆಯುದ್ದಕ್ಕೂ ಜೋಡಿಸಿದ್ದ ಬಂದೂಕುಗಳನ್ನು ನೋಡಿ ಮುದೀರರ ಎದುರು ನಿಂತರು. "ಇಲೆಕ್ಷನ್ ಸಮಯದಲ್ಲಿ ಇಷ್ಟೊಂದು ಕೋವಿ ಹೊರಗೆ ಇಟ್ಟಿದ್ದೀರಲ್ಲ! ಠಾಣೆಗೆ ಕೊಡ್ಲಿಲ್ವಾ?"

ನಾನು ಹೇಗೋ ಇಂಗ್ಲಿಷಿಗೆ ತಿರುಗಿಸಿದೆ. ಮುದೀರ್ ಗಾಬರಿಯಾಗಿ, "ಯಾವ ಇಲೆಕ್ಷನ್?" ಅಂದರು.

"ನಮ್ಮ ಪಂಚಾಯತಿನದ್ದು," ಅಂದರು ಮಾಂಯ್.

ಮುದೀರ್ ಮಾಂಯನ್ನು ಬಹಳ ಮರ್ಯಾದೆಯಿಂದ ಕೆಂಪು ಗೆರೆಯ ಹಿಂದಿನ ಬೆಂಚಿನಲ್ಲಿ ಕೂರಿಸಿ, ತಾವೇ ಕಿವಿಗೆ ಮಫ್ ಹಾಕಿದರು. ನಮ್ಮಲ್ಲಿಯ ಮಫ್ ಗುಂಡಿನ ಸದ್ದನ್ನು ತಗ್ಗಿಸುತ್ತದೆ, ಉಳಿದದ್ದೆಲ್ಲ ಚೆನ್ನಾಗಿ ಕೇಳಿಸುತ್ತದೆ. ಆಮೇಲೆ ನನಗೆ ಕಾಣದ ಹಾಗೆ ಗಿಡ್ಡನನ್ನು ತುಂಬಿಸಿ ಕೈಗೆ ಕೊಟ್ಟು, ಅಂಕದ ಹಾಳೆ ಹಿಡಿದು ಪಕ್ಕದಲ್ಲಿ ನಿಂತರು. "ಯಲ್ಲಾ," ಅಂದರು, ಸುರು ಮಾಡು ಅಂತ.

ಮಗಳ ಯೂನಿಫಾರ್ಮು ಕಣ್ಣ ಮುಂದೆ ಬಂತು. ದೇವರೇ, ಇದು ಗಿಡ್ಡ ಅಲ್ಲ, ಗಾಜು ಒರೆಸುವ ಬಾಟಲಿ ಅಂತ ಹೇಳಿಕೊಂಡು ಮೆಲ್ಲ ಒತ್ತಿದೆ. ಮೊದಲನೆಯದು ಗುರಿಯ ಒಳಗೆ. ಕಣ್ಣು ತೆರೆದೇ ಇತ್ತು! ಹನ್ನೊಂದು ವರ್ಷದಲ್ಲಿ ನಾನೇ ಹೊಡೆದಾಗ ಗಿಡ್ಡನ ಬೆಂಕಿಯ ಬಣ್ಣ ಕಂಡದ್ದು ಅದೇ ಮೊದಲು. ಎರಡನೆಯದು ಒಳಗೆ. ಮೂರನೆಯದೂ ಒಳಗೆ.

ನಾಲ್ಕನೆಯದು ಪೊಳ್ಳು. ಅದು ನನಗೆ ಗೊತ್ತಿಲ್ಲ, ಮುದೀರರಿಗೆ ಗೊತ್ತು. ಶಬ್ದ ಬರುವುದಿಲ್ಲವಲ್ಲ ಅಂತ ಅವರು ನಿಶ್ಚಿಂತೆಯಿಂದ ಹಿಂದಿನ ಮೇಜಿನಿಂದ ಹಾಲಿಲ್ಲದ ಸುಲೈಮಾನಿ ಚಹಾದ ಗ್ಲಾಸು ಎತ್ತಿ ಬಾಯಿಗಿಟ್ಟಿದ್ದರು. ರೇಂಜಿನ ಒಳಗೆ ತಿನ್ನಬಾರದು, ಕುಡಿಯಬಾರದು ಅಂತ ಬೋರ್ಡು ಬರೆಸಿದವರೂ ಅವರೇ.

ನಾನು ಒತ್ತಿದೆ. ಟಿಕ್.

ಮರುಕ್ಷಣ ಬೆನ್ನ ಹಿಂದಿನಿಂದ 'ಢಣ್!' ಅಂತು.

ನನ್ನ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಭ್ಯಾಸವಾಗಿತ್ತಲ್ಲ. ಐದನೆಯದನ್ನೂ ಹಾಗೇ ಒತ್ತಿದೆ, ಗುರಿಯ ನಡುಮಧ್ಯಕ್ಕೆ ಹೋಯಿತು. ಗಿಡ್ಡನನ್ನು ಬರಿದು ಮಾಡಿ ಮೇಜಿನ ಮೇಲಿಟ್ಟು ತಿರುಗಿದರೆ, ಮುದೀರ್ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಚಹಾ ಅಂಗಿಯ ಮೇಲೆ, ಅಂಕದ ಹಾಳೆ ನೆಲದ ಮೇಲೆ, ಕಣ್ಣು ಎರಡೂ ಮುಚ್ಚಿ.

"ಮಾಂಯ್! ಎಂತ ಮಾಡಿದಿರಿ!"

ಮಾಂಯ್ ಮಡಿಲಲ್ಲಿ ಡಬ್ಬ, ಕೈಯಲ್ಲಿ ಚಮಚ ಹಿಡಿದು ಕೂತಿದ್ದರು. "ನಿನ್ನ ಗುಂಡು ಹೊಟ್ಟಲಿಲ್ಲ ಮಾರಾಯ್ತಿ. ಶಬ್ದ ಇಲ್ಲದಿದ್ದರೆ ಇವರು ಪಾಸು ಮಾಡ್ತಾರಾ? ನಾನೇ ಕೊಟ್ಟೆ."

ಮುದೀರ್ ಹಾಳೆ ಎತ್ತಿಕೊಂಡರು. ಗುರಿ ನೋಡಿದರು, ನನ್ನ ಕೈ ನೋಡಿದರು, ಡಬ್ಬವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಾಸು ಅಂತ ಬರೆದು ಸಹಿ ಹಾಕಿ ನನಗೆ ಕೊಟ್ಟರು. ಕೆಳಗೆ ಷರಾದಲ್ಲಿ ಹೀಗೆ ಬರೆದಿದ್ದರು: 'ಅಭ್ಯರ್ಥಿ ಅಲುಗಲಿಲ್ಲ. ಪರೀಕ್ಷಕ ಅಲುಗಿದ.' ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮಾಂಯ್ ಎದ್ದು ಬಂದು ಮುದೀರರ ಒದ್ದೆ ಅಂಗಿ ನೋಡಿ 'ಚ್ಚು ಚ್ಚು' ಅಂದರು.

"ಪಾಪ, ಇವರಿಗೆ ಹೇಳು, ನಾಳೆಯಿಂದ ನಮ್ಮ ಮನೆಗೆ ಬರಲಿ. ಒಂದು ವಾರ ಗಾಜು ಒರೆಸಲಿ. ಡಬ್ಬ ನಾನು ಬಡೀತೇನೆ."