ಕಲೆಯಿಲ್ಲದ ವಾಚು ಬೇಕೆಂದಿದ್ದೆ

ಕರ್ರ್, ಕರ್ರ್, ಕರ್ರ್. ಎಣಿಸಿ ಹನ್ನೆರಡು ಸಲ. ಧಾರವಾಡದ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಅಣ್ಣ ತನ್ನ ಕೈಗಡಿಯಾರಕ್ಕೆ ಚಾವಿ ಕೊಡುತ್ತಿದ್ದ ಸದ್ದು ಅದು. ಬಿಳಿ ಡಯಲ್, ಬಂಗಾರದ ಬಣ್ಣದ ಮುಳ್ಳು. ಮ್ಯಾಟ್ರಿಕ್ ಪಾಸಾದಾಗ ಅಪ್ಪ ಕೊಡಿಸಿದ್ದು. ಹದಿಮೂರನೇ ಸುತ್ತಿಗೆ ಸ್ಪ್ರಿಂಗ್ ಹರಿಯುತ್ತದೆಂದು ಅಣ್ಣನ ನಂಬಿಕೆ. ಆದ್ದರಿಂದ ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ!

ಅಂಥ ವಾಚನ್ನು ನಾನು ಕಳೆದೆ. ಕಾನ್ವೆಂಟಿನ ಕೊನೆಯ ಪರೀಕ್ಷೆಗೆಂದು ಕೇಳಿ ಕಟ್ಟಿಕೊಂಡು ಹೋದೆ. ಕೈಗೆ ಮೆತ್ತಿದ ಇಂಕ್ ತೊಳೆಯಲು ನಲ್ಲಿಯ ಪಕ್ಕ ಬಿಚ್ಚಿಟ್ಟೆ. ಅಷ್ಟರಲ್ಲಿ ಸಿಸ್ಟರ್ ಬೆಲ್ ಬಾರಿಸಿದರು. ಓಡಿದೆ. ವಾಪಸ್ ಬಂದಾಗ ನಲ್ಲಿ ಇತ್ತು, ವಾಚು ಇರಲಿಲ್ಲ.

ಅಣ್ಣ ಬೈಯಲಿಲ್ಲ. "ಹೋಗ್ಲಿ ಬಿಡ ಕುಸುಮೀ, ಪೇಪರ್ ಹೆಂಗ ಬರದಿ?" ಎಂದ, ಅಷ್ಟೆ. ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಬೈಯದೆ ಬಿಟ್ಟದ್ದರಿಂದ ಐವತ್ತೆಂಟು ವರ್ಷ ಎಳೆಯಿತು. ಯಾಕೆಂದರೆ ಆಮೇಲೆ ಅಣ್ಣ ಕೈಗೆ ಬೇರೆ ವಾಚು ಕಟ್ಟಲೇ ಇಲ್ಲ. ನೌಕರಿಗೆಂದು ಮುಂಬೈಗೆ ಬಂದ, ಮದುವೆಯಾದ, ರಿಟೈರ್ ಆದ. ಎಡಗೈ ಮಾತ್ರ ಹಾಗೇ ಖಾಲಿ.

ಈಗ ಅವನಿಗೆ ಎಂಬತ್ತು ತುಂಬಿತು. ದಹಿಸರ್‌ನ ಅವನ ಮನೆಯಲ್ಲಿ ಸಹಸ್ರಚಂದ್ರ ದರ್ಶನದ ಶಾಂತಿ ಗೊತ್ತಾಯಿತು. ನಾನು ನಿಶ್ಚಯಿಸಿದೆ: ಅದೇ ಕಂಪನಿಯ, ಅದೇ ಮಾಡೆಲ್‌ನ, ಅದೇ ಕಾಲದ ವಾಚನ್ನು ಹುಡುಕಿ ಅವನ ಕೈಗೆ ಕಟ್ಟತಕ್ಕದ್ದು!

ಹಳೆಯ ವಾಚು ಕೊಳ್ಳುವ ವಿದ್ಯೆಯನ್ನು ಯೂಟ್ಯೂಬ್‌ನಲ್ಲಿ ಎರಡು ವಾರ ಅಭ್ಯಾಸ ಮಾಡಿದೆ. ನೋಟ್ಸ್ ಬರೆದುಕೊಂಡೆ. ಡಯಲ್‌ಗೆ ಮತ್ತೆ ಬಣ್ಣ ಬಳಿದಿರಬಾರದು. ಕೇಸಿನ ಅಂಚು ಚೂಪಾಗಿರಬೇಕು, ತೇಯ್ದ ಸಾಬೂನಿನಂತಿದ್ದರೆ ವಿಪರೀತ ಪಾಲಿಶ್ ಆಗಿದೆ ಎಂದರ್ಥ. ಹಿಂದಿನ ಮುಚ್ಚಳ ತೆಗೆಸಿ ಒಳಗಿನ ಯಂತ್ರ ನೋಡಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅರವತ್ತು ವರ್ಷದ ವಾಚು ಅರವತ್ತು ವರ್ಷದ್ದರಂತೆಯೇ ಕಾಣಬೇಕು. ಈ ಕೊನೆಯ ವಾಕ್ಯಕ್ಕೆ ಕೆಂಪು ಇಂಕಿನಲ್ಲಿ ಅಂಡರ್‌ಲೈನ್ ಬೇರೆ!

ನಮ್ಮ ಯಜಮಾನರು ಪೇಪರ್ ಕೆಳಗಿಳಿಸಿ ನನ್ನ ನೋಟ್‌ಬುಕ್ ನೋಡಿದರು.

"ಕುಸುಮಾ, ನೀ ಬದನಿಕಾಯಿ ಆರಿಸಿದಂಗ ವಾಚ್ ಆರಿಸ್ತೀಯೇನ?"

"ರೀ, ಐ ಹ್ಯಾವ್ ಡನ್ ಮೈ ಹೋಮ್‌ವರ್ಕ್," ಎಂದೆ.

"ಹೋಮ್‌ವರ್ಕ್ ನೀ ಯಾವಾಗೂ ಚಲೋನ ಮಾಡ್ತೀ. ಪರೀಕ್ಷಾದಾಗ ಏನರೆ ಬಿಟ್ಟ ಬರ್ತೀ," ಎಂದು ಮತ್ತೆ ಪೇಪರ್ ಮೇಲೆತ್ತಿದರು.

ಪರೇಲ್‌ನ ಒಂದು ಗಲ್ಲಿಯಲ್ಲಿ ಕಪಾಟಿನಷ್ಟೇ ಅಗಲದ ವಾಚ್ ರಿಪೇರಿ ಅಂಗಡಿ ಸಿಕ್ಕಿತು. ಒಳಗೆ ಐವತ್ತರ ಆಸುಪಾಸಿನ ಒಬ್ಬಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ, ಭಯಭಕ್ತಿ ಹುಟ್ಟಲಿ ಎಂದು. ಆತ ಹಿಂದಿಯಲ್ಲಿ, "ಬೈಠೋ ಮಾಜೀ," ಎಂದು ಸ್ಟೂಲ್ ತೋರಿಸಿ ಅದೇ ಮಾಡೆಲ್‌ನ ಒಂದು ವಾಚು ಮುಂದಿಟ್ಟ. ಡಯಲ್ ಹಳದಿಗೆ ತಿರುಗಿತ್ತು. ನಾಲ್ಕು ಗಂಟೆಯ ಹತ್ತಿರ ಚಹಾ ಚೆಲ್ಲಿದಂಥ ಒಂದು ಕಲೆ. ಅಂಚು ಚೂಪಾಗಿತ್ತು. ನಾನು ನೋಟ್‌ಬುಕ್ ತೆರೆದು ಗಂಭೀರವಾಗಿ ಟಿಕ್ ಹಾಕುತ್ತ ಹೋದೆ. ಅಷ್ಟರಲ್ಲಿ ಅವನ ಫೋನ್ ಬಂತು.

"ಹೂಂ ಯವ್ವಾ, ಊಟ ಆತು. ನೀ ಗುಳಗಿ ತಗೊಂಡಿಯೋ ಇಲ್ಲೋ?"

ನನ್ನ ಪೆನ್ನು ನಿಂತಿತು.

"ಅಯ್ಯ! ನೀವು ನಮ್ಮ ಕಡೆಯವರs ಏನು?"

"ಹೌದ್ರೀ ಅವ್ವಾರ, ಬಿಜಾಪುರ ಕಡೆ. ಶಿವಪ್ಪ ಅಂತ ಹೆಸರು."

ಅಲ್ಲಿಗೆ ವಾಚಿನ ತಪಾಸಣೆ ಮುಗಿಯಿತು, ಶಿವಪ್ಪನದು ಆರಂಭವಾಯಿತು. ಯಾವ ತಾಲೂಕು, ಹೆಂಡತಿಯ ತವರು ಯಾವುದು, ರೊಟ್ಟಿಗೆ ಜೋಳ ಊರಿಂದ ತರಿಸುತ್ತಾರೋ ಇಲ್ಲೇ ಕೊಳ್ಳುತ್ತಾರೋ. ಮುಕ್ಕಾಲು ಗಂಟೆ! ಶಿವಪ್ಪ ನೂರಕ್ಕೆ ನೂರು ಒರಿಜಿನಲ್ ಎಂದು ಸಿದ್ಧವಾಯಿತು. ನೋಟ್‌ಬುಕ್ ಬ್ಯಾಗಿಗೆ ಹೋಯಿತು.

"ಶಿವಪ್ಪಾ, ನಮ್ಮ ಅಣ್ಣಗ ಎಂಬತ್ತರ ಶಾಂತಿ ಅದ. ಶುಭ ಕಾರ್ಯಕ್ಕ ಇಂಥಾ ಕಲಿ ಬಿದ್ದದ್ದು ಹೆಂಗ ಕೊಡ್ಲಿ? ನೀ ನಮ್ಮ ಕಡೆಯವ ಅದಿ. ಒಂದು ಚಂದಂದು ತೆಗಿ."

"ಅವ್ವಾರ, ಕಲಿ ಐತಿ ಅಂತನ ಇದು ಖರೇ ಮಾಲು. ಹಿಂಗ ಸಿಗೂದು ಕಷ್ಟ ಐತ್ರೀ."

"ಇರಬಹುದು. ಆದರೂ ನಾಕ ಮಂದಿ ನೋಡ್ತಾರ."

ಅವನು ವಾಚು ನೋಡಿದ, ನನ್ನನ್ನು ನೋಡಿದ. ಬೇರೆ ಗಿರಾಕಿಯಾಗಿದ್ದರೆ ಆಗುವುದಿಲ್ಲ ಎಂದು ಕಳಿಸುತ್ತಿದ್ದನೇನೋ. ಊರ ಕಡೆಯ ಮುದುಕಿಗೆ ಹೇಗೆ ಇಲ್ಲ ಎನ್ನುವುದು?

"ಎಂಟು ದಿನ ಟೈಮ್ ಕೊಡ್ರಿ. ನಿಮ್ಮ ಮನಸ್ಸಿಗೆ ಬಂದಂಗ ಮಾಡಿ ಕೊಡ್ತೀನಿ."

ಎಂಟನೆಯ ದಿನ ಹೋದೆ. ವಾಚು ಮದುಮಗನಂತೆ ಕೂತಿತ್ತು! ಹಾಲಿನಂಥ ಡಯಲ್, ಮಿರಿಮಿರಿ ಕೇಸು, ಹೊಸ ಗಾಜು. ಚಿಲ್ಲರೆಯನ್ನೂ ವಾಪಸ್ ತೆಗೆದುಕೊಳ್ಳದೆ ಕುಣಿಯುತ್ತ ಕಾಂದಿವಲಿಯ ನಮ್ಮ ಮನೆಗೆ ಬಂದೆ.

ಯಜಮಾನರು ಔಷಧಿ ಚೀಟಿ ಓದುವ ತಮ್ಮ ಭೂತಗನ್ನಡಿ ತಂದರು. ಬಹಳ ಹೊತ್ತು ನೋಡಿದರು. ಬೆನ್ನು ತಿರುಗಿಸಿ ಮತ್ತೆ ನೋಡಿದರು.

"ಕುಸುಮಾ, ಇದಕ್ಕ ಚಾವಿ ಕೊಡಬೇಕಾ?"

"ಹೌದು. ಹನ್ನೆರಡು ಸುತ್ತು."

"ಮತ್ತ ಬೆನ್ನಿನ ಮ್ಯಾಲೆ ಆಟೋಮ್ಯಾಟಿಕ್ ಅಂತ ಬರದಾರಲ್ಲಾ?"

"ಎಲ್ಲಿ?"

"ಇಲ್ಲೇ. ಅದರ ಕೆಳಗ ಇನ್ನೊಂದದ, ಉಜ್ಜ್ಯಾರ, ಪೂರಾ ಹೋಗಿಲ್ಲ. ಯಾರೋ ಸಾವಂತ್ ಅನ್ನೋರಿಗೆ ರಿಟೈರ್‌ಮೆಂಟ್ ಗಿಫ್ಟ್ ಇದು. ನಿಮ್ಮ ಅಣ್ಣ ಯಾವಾಗ ಸಾವಂತ್ ಆದರು?"

ನಾನು ವಾಚು ಕಸಿದುಕೊಂಡು ನೋಟ್‌ಬುಕ್ ತೆರೆದೆ. ಅಂಚು? ತೇಯ್ದ ಸಾಬೂನು. ಡಯಲ್? ನಿನ್ನೆ ಮೊನ್ನೆ ಬಳಿದ ಬಣ್ಣ. ಗಂಟೆಯ ಮುಳ್ಳು ಬಂಗಾರದ್ದು, ನಿಮಿಷದ್ದು ಬೆಳ್ಳಿಯದು! ಕೆಂಪು ಅಂಡರ್‌ಲೈನ್ ನನ್ನನ್ನೇ ನೋಡುತ್ತಿತ್ತು.

ಮರುದಿನ ಬೆಳಿಗ್ಗೆಯೇ ಪರೇಲ್. ಯುದ್ಧಕ್ಕೆ ಹೊರಟವಳಂತೆ ಹೋದೆ.

"ಶಿವಪ್ಪಾ, ಇದು ಎಷ್ಟು ವಾಚಿಂದು?"

"ನಾಕ ರೀ," ಎಂದ ಶಿವಪ್ಪ, ಸ್ವಲ್ಪವೂ ಅಂಜದೆ. "ಮಷೀನ್ ಒಂದರದು, ಕೇಸ್ ಒಂದರದು, ಮುಳ್ಳು ಎರಡರದು. ಡಯಲ್ ಹೊಸಾದು ಪ್ರಿಂಟ್ ಮಾಡಿಸೀನಿ. ನೀವs ಹೇಳಿದ್ರೆಲ್ರೀ ಅವ್ವಾರ, ಕಲಿ ಇರಬಾರದು ಅಂತ. ಎಂಟು ದಿನ ಬ್ಯಾರೆ ಕೆಲಸ ಮುಟ್ಟಿಲ್ರೀ."

ಕಾನ್ವೆಂಟಿನ ಇಂಗ್ಲಿಷ್, ಮನೆಯ ಕನ್ನಡ, ಬಿಲ್ಡಿಂಗಿನ ಮರಾಠಿ, ಬಾಜಾರದ ಹಿಂದಿ. ನಾಲ್ಕರಲ್ಲೂ ಬೈಗುಳ ಕೂಡಿಟ್ಟುಕೊಂಡು ಬಂದಿದ್ದೆ. ಮೋಸ ಮಾಡಿದವನಿಗಾದರೆ ಬೈಯಬಹುದು. ಹೇಳಿದಂತೆ ಮಾಡಿದವನಿಗೆ?

"ಆ ಕಲಿದು ಕೊಡು ಹಂಗಾದ್ರ."

"ಮಾರಿ ಹೋತ್ರೀ. ಮುಂದಿನ ದವಾಖಾನಿ ಡಾಕ್ಟರ್ ಸಾಹೇಬ್ರು ಒಯ್ದ್ರು. ಕಲಿ ನೋಡೇ ಖುಷಿ ಆದ್ರು."

"ಇದರಾಗ ಒರಿಜಿನಲ್ ಅಂತ ಏನರೆ ಅದ ಏನಪ್ಪಾ?"

ಶಿವಪ್ಪ ವಾಚನ್ನು ತಿರುಗಿಸಿ ಮುರುಗಿಸಿ ಪ್ರಾಮಾಣಿಕವಾಗಿ ಯೋಚಿಸಿದ.

"ಬೆಲ್ಟ್ ರೀ. ಅಪ್ಪಟ ತೊಗಲು."

ಶಾಂತಿಗೆ ಎರಡೇ ದಿನ ಉಳಿದಿತ್ತು. ನಿಮಿಷದ ಮುಳ್ಳಿಗೆ ಬಂಗಾರದ ಬಣ್ಣ ಬಳಿಸಿಕೊಂಡು ಬಂದೆ. ಹೌದು, ಅದನ್ನೂ ನಾನೇ ಹೇಳಿ ಮಾಡಿಸಿದೆ!

ಶಾಂತಿಯ ದಿನ ಆರತಿ, ಊಟ ಎಲ್ಲ ಮುಗಿದ ಮೇಲೆ ಅಣ್ಣನ ಪಕ್ಕ ಕೂತೆ. ಎಲ್ಲವನ್ನೂ ಹೇಳಿಬಿಡುವುದೆಂದು ಮನೆಯಿಂದಲೇ ತಯಾರಾಗಿ ಹೋಗಿದ್ದೆ. ಅಣ್ಣ ನಾನು ಕೊಟ್ಟ ಡಬ್ಬಿ ಬಿಚ್ಚಿದ. ಕನ್ನಡಕ ಹಣೆಗೇರಿಸಿ ವಾಚನ್ನು ಮೂಗಿನ ತನಕ ಒಯ್ದು ನೋಡಿದ.

"ಕುಸುಮೀ! ಇದು ನಂದs! ಎಲ್ಲಿ ಸಿಕ್ತ?"

"ಅಣ್ಣಾ, ಇದು ಅದs ಅಲ್ಲ, ಅಂದ್ರ..."

"ನನ್ನ ವಾಚು ನನಗ ಗೊತ್ತಾಗೂದಿಲ್ಲೇನ? ನೋಡ್ರಿ ಎಲ್ಲಾರೂ, ನಮ್ಮ ಕುಸುಮಿ ಹುಡುಕಿ ತಂದಾಳ!"

ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಯಜಮಾನರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನು ಎದ್ದು ಹೋಗಿ ಇನ್ನೊಂದು ಹೋಳಿಗೆ ತಿಂದೆ.

ನಾಲ್ಕು ವಾಚುಗಳಿಂದಾದ ಸಂಸಾರ ಎಷ್ಟು ಸರಿಯಾಗಿ ನಡೆದೀತು? ದಿನಕ್ಕೆ ಒಂದೂವರೆ ಗಂಟೆ ಹಿಂದೆ ಬೀಳುತ್ತಿತ್ತು. ದಿನಾ ಬೆಳಿಗ್ಗೆ ಅಣ್ಣನ ಸೊಸೆ ಸುಮ್ಮನೆ ಸರಿ ಮಾಡಿಡುತ್ತಿದ್ದಳಂತೆ. ಅಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳಲಿಲ್ಲ.

ಮೂರು ತಿಂಗಳ ನಂತರ ಒಂದು ಮಧ್ಯಾಹ್ನ ದಹಿಸರ್‌ಗೆ ಹೋಗಿದ್ದೆ. ಐದಕ್ಕೆ ಹೊರಡುವವಳು ಬ್ಯಾಗ್ ಹೆಗಲಿಗೇರಿಸಿದೆ. ಅಣ್ಣ ಮಣಿಕಟ್ಟು ತಿರುಗಿಸಿ ನೋಡಿದ.

"ಎಲ್ಲಿಗೆ ಓಡ್ತೀ? ಇನ್ನೂ ನಾಕೂವರಿ. ಕೂಡ. ಚಾ ಕುಡದು ಹೋಗು."

ನನ್ನ ಮೊಬೈಲಿನಲ್ಲಿ ಐದು ದಾಟಿತ್ತು. ತಿದ್ದುವ ಮುಖ ನನಗಿರಲಿಲ್ಲ. ಬ್ಯಾಗ್ ಕೆಳಗಿಟ್ಟೆ. ಅವನ ವಾಚಿನಲ್ಲಿ ಐದಾಗುವವರೆಗೆ ಕೂತು, ಎರಡು ಸಲ ಚಹಾ ಕುಡಿದು, ಅವನು "ಈಗ ಹೋಗು" ಎಂದ ಮೇಲೆ ಎದ್ದೆ. ಲಿಫ್ಟಿನ ಬಾಗಿಲವರೆಗೆ ಬಂದ. ಅದೇ ನಾನು ಅವನನ್ನು ನೋಡಿದ್ದು, ಕೊನೆಯ ಸಲ.

ಸ್ಟೇಷನ್ನಿನಲ್ಲಿರುವಾಗ ಯಜಮಾನರ ಫೋನು.

"ಎಲ್ಲಿ ಅದಿ? ಎಷ್ಟೊತ್ತ ಆತು!"

"ಟೈಮ್ ನೋಡೇ ಹೊಂಟೀನ್ರೀ," ಎಂದೆ. ಆರೂ ಐದರ ಲೋಕಲ್‌ನಲ್ಲಿ ಕಾಂದಿವಲಿವರೆಗೆ ನಿಂತೇ ಬಂದೆ.