ಮೊದಲ ಸಲಕ್ಕೇ ಹೋಗಗೊಟ್ಟ ಬೀಗರ ಕುರಿತು

ಇಂದ:
ಮಚ್ಛೇಂದ್ರ,
ಪ್ರಥಮ ದರ್ಜೆ ಸಹಾಯಕ (ಕಚೇರಿಯಲ್ಲಿ), ಮಗ (ಮನೆಯಲ್ಲಿ),
ಹೊರಗಿನ ಪಡಸಾಲೆ, ಬೀದರ.

ಗೆ:
ಶ್ರೀಮತಿ ಕೇಶರಬಾಯಿಯವರು,
ನಿವೃತ್ತ ಮುಖ್ಯೋಪಾಧ್ಯಾಯಿನಿ, ಔರಾದ,
ಒಳಗಿನ ಕೋಣೆ, ಅದೇ ಮನೆ.

ವಿಷಯ: ತಮ್ಮ ಮೊಮ್ಮಗಳು ವಿಶಾಖಾಳ ಮದುವೆಗೆ ತಾವು ಹಾಕಿರುವ ತಡೆಯಾಜ್ಞೆಯನ್ನು ತೆರವುಗೊಳಿಸುವ ಬಗ್ಗೆ.

ಉಲ್ಲೇಖ: 1) ತಮ್ಮ ಮೌಖಿಕ ಆದೇಶ: "ಆ ಮಂದಿ ಸುದ್ದಿ ಈ ಮನ್ಯಾಗ ತೆಗೀಬ್ಯಾಡ."
2) ಅದರ ಮೇಲಿನ ಆದೇಶ: "ಏನರೆ ಹೇಳೋದಿದ್ರ ಬರದು ಕೊಡು. ಬಾಯಿಲೆ ಬ್ಯಾಡ."

ಮಾನ್ಯ ಅವ್ವನವರೇ,

ತಾವು ನನ್ನೊಡನೆ ಮಾತು ಬಿಟ್ಟಿರುವ ಕಾರಣ, ಮತ್ತು ಉಲ್ಲೇಖವಿಲ್ಲದ ಅರ್ಜಿಯನ್ನು ತಾವು ಸೇವೆಯಲ್ಲಿದ್ದಾಗಲೂ ಓದಿದವರಲ್ಲವಾದ ಕಾರಣ, ಇದನ್ನು ಕ್ರಮಬದ್ಧವಾಗಿ ಬರೆದು ಚಹಾದ ಬಸಿಯ ಕೆಳಗಿಟ್ಟು ಸಲ್ಲಿಸುತ್ತಿದ್ದೇನೆ.

1. ಈ ಬೇಸಿಗೆಯಲ್ಲಿ ನಾವು ಹಿಮಾಚಲದ ಕೇಲಾಂಗಿಗೆ ಹೋದದ್ದು ಸರಿಯಷ್ಟೆ. ಅಲ್ಲಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ವಿಶಾಖಾ, ಜೊತೆಯ ನೌಕರ ನೋರ್ಬುವನ್ನು ಮೆಚ್ಚಿದ್ದಳು. ಆ ಹುಡುಗನನ್ನೂ ಅವನ ತಾಯಿ ಡೋಲ್ಮಾ ಅವರನ್ನೂ ನೋಡಿ, ಹೂಂ ಅನ್ನುವುದೋ ಊಹೂಂ ಅನ್ನುವುದೋ ತೀರ್ಮಾನಿಸುವುದು ಪ್ರವಾಸದ ಉದ್ದೇಶ.

2. ಮೇ ತಿಂಗಳೆಂದ ಮೇಲೆ ಸಂಜೆ ಮಾಳಿಗೆಗೆ ನೀರು ಹೊಡೆಯಲೇಬೇಕೆಂದು ತಾವು ಅವರ ಮಾಳಿಗೆಗೆ ನಾಲ್ಕು ಕೊಡ ನೀರು ಸುರಿದಿರಿ. ಬೀದರಿನಲ್ಲಿ ಅದು ತಂಪು. ಅಲ್ಲಿ ಅದು ಬೆಳಗಾಗುವುದರೊಳಗೆ ಮಂಜುಗಡ್ಡೆ. ನೋರ್ಬು ಜಾರಿ ಬಿದ್ದ. ಬಿದ್ದಲ್ಲೇ ಕೂತು ನಕ್ಕ. ಆಗ ತಾವು ನನ್ನ ಕಿವಿಯಲ್ಲಿ, "ಹುಡುಗ ಛಲೋ ಅದಾನ" ಎಂದಿರಿ. ಇದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

3. ಅಡಚಣೆ ಶುರುವಾದದ್ದು ನಾಲ್ಕನೆಯ ದಿನ. ನಮ್ಮ ಕಡೆಯ ಪದ್ಧತಿ ತಮಗೆ ನಾನು ಹೇಳಬೇಕಿಲ್ಲ. ಅತಿಥಿ "ಹೋಗ್ತೇವ್ರಿ" ಅನ್ನಬೇಕು. ಮನೆಯವರು "ಎಲ್ಲಿ ಹೋಗ್ತೀರಿ ಈ ಬಿಸಲಾಗ, ಕೂಡ್ರಿ" ಅನ್ನಬೇಕು. ಎರಡನೆಯ ಸಲ ಅಂದರೆ ಚೀಲ ಒಳಗೆ ಹೋಗಬೇಕು. ಮೂರನೆಯ ಸಲಕ್ಕೆ ಚಪ್ಪಲಿ ಮಾಯವಾಗಬೇಕು. ಭಾಲ್ಕಿಯ ತಮ್ಮ ಗೆಳತಿ ಸಖುಬಾಯಿಯವರ ಮನೆಯಿಂದ ಅಂದುಕೊಂಡ ದಿನ ಹೊರಟುಬಂದವರು ಇದುವರೆಗೆ ಯಾರೂ ಇಲ್ಲ. ಆದ್ದರಿಂದ ತಾವು ಅಂದು ಬೆಳಗ್ಗೆ ಇನ್ನೂ ಒಂದು ವಾರ ಇರುವ ಗಟ್ಟಿ ಮನಸ್ಸಿನಿಂದಲೇ, "ನಾವಿನ್ನ ಹೋಗ್ತೇವಿ" ಎಂದು ಹಿಂದಿಯಲ್ಲಿ ಹೇಳಿದಿರಿ.

4. ಡೋಲ್ಮಾ ಅವರು "ಠೀಕ್ ಹೈ" ಅಂದು ಟ್ಯಾಕ್ಸಿಗೆ ಫೋನ್ ಮಾಡಿದರು.

5. ತಮ್ಮ ಮುಖ ನೋಡಿ ನನಗೆ ನಗು ಬಂತು. ಅದು ತಪ್ಪು, ಮಾತು ಬಿಟ್ಟದ್ದಕ್ಕೆ ಅದೂ ಒಂದು ಕಾರಣವೆಂದು ಬಲ್ಲೆ. ಟ್ಯಾಕ್ಸಿ ಬಂದಾಗ ತಮ್ಮ ಎಡಗಾಲಿನ ಚಪ್ಪಲಿ ಸಿಗಲಿಲ್ಲ. ನಾಯಿ ಒಯ್ದಿರಬೇಕೆಂದು ನಾನೇ ಹೇಳಿದೆ. ತಾವು ಒಂದು ಚಪ್ಪಲಿ ಕೈಯಲ್ಲಿ ಹಿಡಿದು, ಬರೀ ಕಾಲುಚೀಲದಲ್ಲಿ ಟ್ಯಾಕ್ಸಿ ಹತ್ತಿದಿರಿ. "ಹೊರಗ ಹಾಕ್ತಾರ, ಮ್ಯಾಲ ಚಪ್ಪಲಿನೂ ಇಟ್ಕೋತಾರ! ಇಂಥಾ ಮನಿಗಿ ನಮ್ಮ ಹುಡುಗಿ ಕೊಡಲ್ಲ" ಎಂದು ಅಲ್ಲಿಂದ ಬೀದರ ಮುಟ್ಟುವವರೆಗೆ ಹೇಳುತ್ತಲೇ ಇದ್ದಿರಿ. ಬೋಗಿಯಲ್ಲಿದ್ದ ಪರಿಚಯವಿಲ್ಲದವರೂ ತಮ್ಮ ಪರ ಒಪ್ಪಿಗೆ ಕೊಟ್ಟರು.

6. ಈಗ ಹೊಸ ಸಾಕ್ಷ್ಯ. ನಿನ್ನೆ ವಿಶಾಖಾ ಫೋನ್ ಮಾಡಿ ಅತ್ತಳು. "ಅಪ್ಪಾ, ಚಪ್ಪಲಿ ನಾಯಿ ಒಯ್ದಿಲ್ರಿ. ಆಯಿ (ಎಂದರೆ ತಮ್ಮ) ಸಿಟ್ಟು ನೋಡಿ ನಾನು ಒಳಗ ಓಡಿಹೋಗಿ ಡೋಲ್ಮಾ ಅವ್ರಿಗಿ ನಮ್ಮ ಪದ್ಧತಿ ಹೇಳ್ದೆ. ಟ್ಯಾಕ್ಸಿ ಹಾರ್ನ್ ಹೊಡೀಲಿಕತ್ತಿತ್ತು. ಅವ್ರು ಗಡಿಬಿಡ್ಯಾಗ ಒಂದು ಚಪ್ಪಲಿ ಹಿಟ್ಟಿನ ಡಬ್ಬ್ಯಾಗ ಮುಚ್ಚಿಟ್ರು. ಈಗ ಇವ್ರು ಕೂಡ್ತಾರ ಅಂತ ಬಾಗಲದಾಗ ಹಾದಿ ನೋಡ್ಕೋತ ನಿಂತ್ರು. ನೀವು ಹ್ವಾದ್ರಿ. ಅವ್ರು ನಾಚಿಕಿಲೆ ಇಷ್ಟು ದಿನ ನನಗೂ ಹೇಳಿದ್ದಿಲ್ರಿ, ಇವತ್ತ ಹೇಳಿದ್ರು."

ಅವ್ವಾ, ಪದ್ಧತಿ ಗೊತ್ತಿಲ್ಲದವರು ಆ ಗಡಿಬಿಡಿಯಲ್ಲೂ ಅದನ್ನು ಪಾಲಿಸಿದರು. ಹುಟ್ಟಿದಂದಿನಿಂದ ಗೊತ್ತಿದ್ದ ನಾವು ತಪ್ಪನ್ನು ನಾಯಿಯ ಮೇಲೆ ಹಾಕಿ ಬಂದೆವು. ನನಗೆ ಬಹಳ ಕೆಟ್ಟ ಅನಿಸಿತು. ಅಂದಿನಿಂದ ಆ ಡಬ್ಬಿಯ ಹಿಟ್ಟನ್ನು ಅವರು ಬಳಸಿಲ್ಲವಂತೆ. ಚಪ್ಪಲಿಯನ್ನು ಅಂಚೆಯಲ್ಲಿ ಕಳಿಸಿ ಎಂದರೆ, ಇಲ್ಲ, ಅವರೇ ಬಂದು ಒಯ್ಯಲಿ ಎನ್ನುತ್ತಾರಂತೆ.

7. ಒಂಟಿ ಚಪ್ಪಲಿಯಿಂದ ಯಾರಿಗೂ ಉಪಯೋಗವಿಲ್ಲ. ಆದರೂ ತಾವು ಬಲಗಾಲಿನದನ್ನು ಬಿಸಾಡದೆ, ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿರುವುದನ್ನು ನನ್ನ ಹೆಂಡತಿ ಮಹಾಮಾಯಾ ಕಣ್ಣಾರೆ ನೋಡಿದ್ದಾಳೆ. ಇದರ ಅರ್ಥ ಏನೆಂದು ಕೇಳುವ ಅಧಿಕಾರ ನನಗಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಡೆಯಾಜ್ಞೆಯನ್ನು ತೆಗೆದು, ಎಡಗಾಲಿನ ಚಪ್ಪಲಿಯನ್ನು ಖುದ್ದಾಗಿ ಪಡೆಯಲು ಹಾಗೂ ಅದೇ ಖರ್ಚಿನಲ್ಲಿ ಮದುವೆ ಮಾತು ಮುಗಿಸಲು ನಮ್ಮೊಡನೆ ಮತ್ತೊಮ್ಮೆ ಕೇಲಾಂಗಿಗೆ ದಯಮಾಡಿಸಬೇಕಾಗಿ ಕೋರುತ್ತೇನೆ.

ಮಾತು ಬಿಟ್ಟರೂ ತಾವು ಎರಡು ಹೊತ್ತು ಬಡಿದು ಹಾಕುವ ರೊಟ್ಟಿ ತಿನ್ನುತ್ತಿರುವ, ತಮ್ಮ
ವಿಶ್ವಾಸಿ,
ಮಚ್ಛೇಂದ್ರ

ಲಗತ್ತುಗಳು:
1) ಬಲಗಾಲಿನ ಚಪ್ಪಲಿ, ಸೀರೆ ಸಮೇತ (ಕಪಾಟಿನಿಂದ ತೆಗೆದದ್ದಕ್ಕೆ ಕ್ಷಮೆಯಿರಲಿ).
2) ವಿಶಾಖಾಳ ಫೋನ್ ನಂಬರ್. ಅವಳು ಫೋನ್ ಕೈಯಲ್ಲಿ ಹಿಡಿದೇ ಕೂತಿದ್ದಾಳೆ.

ವಿ.ಸೂ.: ಡೋಲ್ಮಾ ಅವರು ಈ ಸಲ ಎರಡೂ ಚಪ್ಪಲಿ ಮುಚ್ಚಿಡಲು ದೊಡ್ಡ ಡಬ್ಬಿ ತಂದಿದ್ದಾರಂತೆ. ಆದಕಾರಣ, ತಾವು ಎಷ್ಟನೆಯ "ಹೋಗ್ತೇವಿ"ಗೆ ನಿಜವಾಗಿ ಹೊರಡುವಿರೆಂದು ಈಗಲೇ ತಿಳಿಸಿದರೆ, ಕಚೇರಿಗೆ ರಜೆ ಅರ್ಜಿ ಬರೆಯಲು ಅನುಕೂಲವಾಗುತ್ತದೆ.